ಶಾಲೆಗೆ ಯಂತ್ರ ಬರಲಿ. ಬೀಗದ ಕೈ ಯಾರ ಬಳಿ?

ಕಳೆದ ವಾರ ನಮ್ಮ ಕಚೇರಿಗೆ ಒಬ್ಬ ಹೆಣ್ಣುಮಗಳು ಬಂದಿದ್ದಳು. ತಂದೆ ಮಿಲ್ಲಿನಲ್ಲಿ ದುಡಿದವರು. ಮಗಳು ಉಪಾಧ್ಯಾಯರ ತರಬೇತಿಯಲ್ಲಿದ್ದಾಳೆ. “ನಾಳೆ ನನ್ನ ತರಗತಿಯಲ್ಲಿ ಕಂಪ್ಯೂಟರು, ಮೊಬೈಲು, ದೊಡ್ಡ ಪರದೆ ಇವುಗಳನ್ನು ಹೇಗೆ ಬಳಸುತ್ತೇನೆಂದು ಪ್ರಬಂಧ ಬರೆಯಲು ಹೇಳಿದ್ದಾರೆ. ನೀವು ಮೇಷ್ಟರಾಗಿದ್ದವರು, ಏನು ಬರೆಯಲಿ?” ಎಂದು ಕೇಳಿದಳು. ಅವಸರದಲ್ಲಿ ನಾಲ್ಕು ಮಾತು ಹೇಳಿ ಕಳಿಸಿದೆವು. ಆದರೆ ಈ ಪ್ರಶ್ನೆ ಅವಳೊಬ್ಬಳದಲ್ಲ. ಮಗುವಿನ ಕೈಗೆ ಫೋನು ಕೊಡಿಸಲು ಕೈಸಾಲ ಮಾಡಿದ ಪ್ರತಿಯೊಬ್ಬ ಕೆಲಸಗಾರನದು, ಪ್ರತಿಯೊಬ್ಬ ಚಿಲ್ಲರೆ ಅಂಗಡಿಯವನದು. ಆದ್ದರಿಂದ ಉಳಿದ ಮಾತನ್ನು ಇಲ್ಲಿ ಬರೆಯುತ್ತಿದ್ದೇವೆ.

ನಾವು ಯಂತ್ರದ ವೈರಿಗಳಲ್ಲ. ಮಿಲ್ಲಿನಲ್ಲಿ ದುಡಿದವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಹೊಸ ಮಗ್ಗ ಬಂದಾಗ ಬಟ್ಟೆ ಹೆಚ್ಚಿತು, ಒಬ್ಬನೇ ನೋಡಬೇಕಾದ ಮಗ್ಗಗಳೂ ಹೆಚ್ಚಿದವು, ಹೆಚ್ಚಿದ ಲಾಭ ಮಾತ್ರ ಅವನ ಮನೆಗೆ ಬರಲಿಲ್ಲ. ದೋಷ ಮಗ್ಗದ್ದಲ್ಲ, ಅದು ಯಾರ ಸ್ವತ್ತು, ಯಾರ ಹಿತಕ್ಕಾಗಿ ಓಡುತ್ತದೆ ಎಂಬುದೇ ಪ್ರಶ್ನೆ. ಶಾಲೆಯ ಯಂತ್ರಕ್ಕೂ ಇದೇ ಪ್ರಶ್ನೆಯನ್ನು ಹಾಕಬೇಕು.

ಶಾಲೆಗೆ ಯಂತ್ರ ಬಂದದ್ದು ನಿನ್ನೆಮೊನ್ನೆಯಲ್ಲ. 1975ರ ಆಗಸ್ಟ್ 1ರಿಂದ ಒಂದು ವರ್ಷ ಕಾಲ, ಆರು ರಾಜ್ಯಗಳ ಸುಮಾರು 2,400 ಹಳ್ಳಿಗಳಿಗೆ ಆಕಾಶದ ಉಪಗ್ರಹದಿಂದ ದೂರದರ್ಶನದ ಪಾಠ ಬಂತು. ನಮ್ಮ ರಾಜ್ಯದ ರಾಯಚೂರು, ಗುಲ್ಬರ್ಗ, ಬಿಜಾಪುರ ಜಿಲ್ಲೆಗಳ ಹಳ್ಳಿಗಳೂ ಅದರಲ್ಲಿದ್ದವು. ಬೆಳಗ್ಗೆ ಶಾಲೆಯ ಮಕ್ಕಳಿಗೆ, ಸಂಜೆ ದೊಡ್ಡವರಿಗೆ, ಕನ್ನಡದಲ್ಲಿಯೇ ಕಾರ್ಯಕ್ರಮ. ದಿಟವಾಗಿಯೂ ಅದು ದೊಡ್ಡ ಕೆಲಸ. ಪಟ್ಟಣಗಳಿಗಿಂತ ಮೊದಲು ಹಿಂದುಳಿದ ಹಳ್ಳಿಗೆ ಹೊಸ ವಿದ್ಯೆಯನ್ನು ಒಯ್ದದ್ದನ್ನು ನಾವು ಮೆಚ್ಚುತ್ತೇವೆ. ಆದರೆ ಉಪಗ್ರಹ ಅಮೆರಿಕದಿಂದ ಪಡೆದ ಎರವಲು. 1976ರ ಜುಲೈ 31ಕ್ಕೆ ಅವಧಿ ಮುಗಿಯಿತು, ಅವರು ಅದನ್ನು ಹಿಂದಕ್ಕೆ ಪಡೆದರು. ಮುಂದೆ 2004ರಲ್ಲಿ ನಮ್ಮದೇ ಎಜುಸ್ಯಾಟ್ ಉಪಗ್ರಹ ಹಾರಿತು, ಚಾಮರಾಜನಗರ ಜಿಲ್ಲೆಯ ಪ್ರಾಥಮಿಕ ಶಾಲೆಗಳು ಅದರಿಂದ ಪಾಠ ನೋಡಿದವು. 2010ರಲ್ಲಿ ಅದರ ಆಯುಸ್ಸೂ ಮುಗಿಯಿತು. ಎರಡು ಸಲವೂ ಯಂತ್ರ ಹೋದ ಮರುದಿನ ತರಗತಿಯಲ್ಲಿ ಉಳಿದವರು ಯಾರು? ಕರಿಹಲಗೆಯ ಮುಂದೆ ನಿಂತ ಉಪಾಧ್ಯಾಯರು.

ನಾವು ಪಾಠ ಹೇಳುತ್ತಿದ್ದ ಶಾಲೆಗೆ ಒಮ್ಮೆ ಹತ್ತು ಕಂಪ್ಯೂಟರು ಬಂದವು. ಹಾರ ಹಾಕಿ ಉದ್ಘಾಟನೆಯೂ ಆಯಿತು. ಕೆಟ್ಟರೆ ತನ್ನ ಸಂಬಳದಿಂದ ಕಟ್ಟಿಕೊಡಬೇಕಾದೀತೆಂದು ಹೆದರಿದ ಮುಖ್ಯೋಪಾಧ್ಯಾಯರು ಕೊಠಡಿಗೆ ಬೀಗ ಹಾಕಿ ಬೀಗದ ಕೈಯನ್ನು ಜೇಬಿನಲ್ಲಿ ಇಟ್ಟುಕೊಂಡರು. ಮಕ್ಕಳು ಕಿಟಕಿಯ ಸಂದಿಯಿಂದ ಇಣುಕಿ ನೋಡುತ್ತಿದ್ದರು. ಎರಡು ವರ್ಷವಾದ ಮೇಲೆ ತೆರೆದರೆ ತಂತಿಗಳನ್ನು ಇಲಿ ಕಡಿದಿತ್ತು. ಆ ಮುಖ್ಯೋಪಾಧ್ಯಾಯರನ್ನು ನಾವು ಬೈಯುವುದಿಲ್ಲ. ಕೊಳ್ಳಲು ಹಣವಿಟ್ಟು, ದುರಸ್ತಿಗೂ ತರಬೇತಿಗೂ ಹಣವಿಡದ ವ್ಯವಸ್ಥೆಯನ್ನು ಬೈಯುತ್ತೇವೆ. ಆಗ ಬಾಯಿ ತೆರೆಯದೆ ಸುಮ್ಮನಿದ್ದ ನಮ್ಮನ್ನೂ ಅದರಲ್ಲಿ ಸೇರಿಸಿಕೊಳ್ಳುತ್ತೇವೆ.

ಇದು ನಮ್ಮಲ್ಲಿ ಮಾತ್ರ ಆದದ್ದಲ್ಲ. ದಕ್ಷಿಣ ಅಮೆರಿಕದ ಪೆರು ದೇಶ ಬಡ ಮಕ್ಕಳಿಗಾಗಿ ಲಕ್ಷಗಟ್ಟಲೆ ಲ್ಯಾಪ್‌ಟಾಪುಗಳನ್ನು ಹಂಚಿತು. 319 ಶಾಲೆಗಳನ್ನು ಪರೀಕ್ಷಿಸಿದ ಅಧ್ಯಯನವೊಂದು 2012ರಲ್ಲಿ ಹೊರಬಂತು. ಗಣಿತದಲ್ಲಿಯೂ ಭಾಷೆಯಲ್ಲಿಯೂ ಕಲಿಕೆ ಸುಧಾರಿಸಿದ್ದಕ್ಕೆ ಪುರಾವೆ ಸಿಗಲಿಲ್ಲ. ಪೆಟ್ಟಿಗೆ ಕೊಟ್ಟರೆ ಸಾಲದು, ಪೆಟ್ಟಿಗೆಯಿಂದ ಪಾಠ ತೆಗೆಯಬಲ್ಲ ಗುರು ಬೇಕು.

2020ರ ಮಾರ್ಚಿಯಲ್ಲಿ ಕೊರೋನಾದಿಂದ ಶಾಲೆಗಳು ಮುಚ್ಚಿದಾಗ ಏನಾಯಿತು? ಫೋನಿನಲ್ಲಿ ಪಾಠವೆಂದರು. ಆ ವರ್ಷ ದೇಶದ ಹಳ್ಳಿಗಳಲ್ಲಿ ನಡೆದ ಅಸರ್ ಸಮೀಕ್ಷೆಯಂತೆ, ಶಾಲೆಗೆ ಸೇರಿದ ಮಕ್ಕಳಲ್ಲಿ ನೂರಕ್ಕೆ ಸುಮಾರು 62 ಮಂದಿಯ ಮನೆಯಲ್ಲಿ ಸ್ಮಾರ್ಟ್‌ಫೋನು ಇತ್ತು. ಉಳಿದ 38 ಮಂದಿ ಯಾರ ಮಕ್ಕಳೆಂದು ಓದುಗರಿಗೆ ಹೇಳಬೇಕೆ? ಫೋನಿದ್ದ ಮನೆಯಲ್ಲೂ ಅದು ಒಂದೇ. ತಂದೆ ಅದನ್ನು ಹಿಡಿದು ಕೆಲಸಕ್ಕೆ ಹೋದರೆ ಪಾಠವೂ ಅವನೊಡನೆ ಹೋಯಿತು. ಮಲೆನಾಡಿನಲ್ಲಿ ಮಕ್ಕಳು ಸಿಗ್ನಲ್ ಹುಡುಕಿ ಗುಡ್ಡ ಹತ್ತಿದರು. ಆಗ ‘ವಿದ್ಯಾಗಮ’ವೆಂದು ಹಳ್ಳಿಯ ಗುಡಿಯ ಜಗಲಿಗೆ, ಮರದ ನೆರಳಿಗೆ ನಡೆದುಹೋಗಿ ಪಾಠ ಹೇಳಿದವರು ಸರ್ಕಾರಿ ಶಾಲೆಯ ಉಪಾಧ್ಯಾಯರೇ.

ಆ ಹೊತ್ತಿನಲ್ಲಿ ಬೆಳೆದದ್ದು ವ್ಯಾಪಾರ. ಮಗು ಹಿಂದೆ ಬಿದ್ದೀತೆಂಬ ತಾಯಿತಂದೆಯರ ಭಯವೇ ಅದರ ಬಂಡವಾಳ. ಬೆಂಗಳೂರಿನ ಒಂದು ಪಾಠದ ಕಂಪನಿಗೆ 2022ರಲ್ಲಿ 2,200 ಕೋಟಿ ಡಾಲರು ಬೆಲೆ ಕಟ್ಟಿದ್ದರು. 2024ರ ಜುಲೈಯಲ್ಲಿ ಅದು ದಿವಾಳಿ ವಿಚಾರಣೆಗೆ ಹೋಯಿತು. ಅಂಗಡಿ ನಡೆಸುವವರು ಯೋಚಿಸಲಿ: ಕಂತು ಕಟ್ಟಿ ಕೊಂಡ ಪಾಠಕ್ಕೆ ಮಾರಿದವನೇ ಮುಳುಗಿದರೆ ಜವಾಬ್ದಾರರು ಯಾರು?

ಆ ಹುಡುಗಿ ಒಂದು ಮಾತು ಕೇಳಿದ್ದಳು: “ಹಣವಂತರ ಮಕ್ಕಳು ಇವನ್ನೆಲ್ಲ ಕಲಿಯುತ್ತಾರೆ. ನಮ್ಮ ಮಕ್ಕಳಿಗೆ ಬೇಡವೆಂದರೆ ಅವರು ಕೂಲಿಗಳಾಗಿಯೇ ಉಳಿಯುವುದಿಲ್ಲವೆ?” ಇದು ನಿಜವಾದ ಮಾತು, ನಾವು ತಲೆಬಾಗುತ್ತೇವೆ. ಬೇಡವೆನ್ನುವುದು ಉತ್ತರವಲ್ಲ. ಹೃದಯ ಬಡಿಯುವ ಬಗೆಯನ್ನು ಸೀಮೆಸುಣ್ಣಕ್ಕಿಂತ ಪರದೆ ಚೆನ್ನಾಗಿ ತೋರಿಸುತ್ತದೆ. ಕಣ್ಣಿಲ್ಲದ ಮಗುವಿಗೆ ಪುಸ್ತಕವನ್ನು ಗಟ್ಟಿಯಾಗಿ ಓದಿ ಹೇಳುವ ಯಂತ್ರ ವರದಾನವೇ ಸರಿ. ಆದರೆ ಅದು ಮನೆಮನೆಯ ಸಾಲದಿಂದ ಬರಬಾರದು. ಶಾಲೆಯ ಸೊತ್ತಾಗಿ, ಎಲ್ಲ ಮಕ್ಕಳ ಸೊತ್ತಾಗಿ, ಕನ್ನಡ ಮಾತಾಡುತ್ತಾ ಬರಬೇಕು. ಉಪಾಧ್ಯಾಯರ ಜೊತೆಗೆ ಬರಬೇಕು, ಉಪಾಧ್ಯಾಯರ ಬದಲಿಗೆ ಬರಬಾರದು. ಐದನೆಯ ತರಗತಿವರೆಗಿನ ಶಾಲೆಯಲ್ಲಿ ಅರವತ್ತು ಮಕ್ಕಳಿಗೆ ಇಬ್ಬರು ಉಪಾಧ್ಯಾಯರಿರಬೇಕೆಂದು 2009ರ ಶಿಕ್ಷಣ ಹಕ್ಕು ಕಾನೂನು ಹೇಳುತ್ತದೆ. ಆದರೂ 2024-25ರ ಸರ್ಕಾರಿ ಲೆಕ್ಕದಲ್ಲಿಯೇ ದೇಶದಲ್ಲಿ ಏಕೋಪಾಧ್ಯಾಯ ಶಾಲೆಗಳು 1 ಲಕ್ಷಕ್ಕೂ ಹೆಚ್ಚು. ಅಂಥ ಶಾಲೆಗೆ ಮೊದಲು ಪರದೆಯೋ, ಎರಡನೆಯ ಮೇಷ್ಟರೋ?

ಆಕೆಗೆ ನಮ್ಮ ಸಲಹೆ ಇಷ್ಟು: ಯಂತ್ರವನ್ನು ಹೆದರದೆ ಕಲಿ. ಪಾಠವನ್ನು ಮೊದಲು ನೀನು ಕಟ್ಟು, ಬೇಕಾದಲ್ಲಿ ಯಂತ್ರವನ್ನು ಕರೆ. ವಿದ್ಯುತ್ತು ಹೋದ ದಿನವೂ ನಡೆಯುವಂಥ ಪಾಠ ನಿನ್ನದಾಗಿರಲಿ. ಹಿಂದಿನ ಬೆಂಚಿನ ಮಗುವಿನ ಕೈಗೂ ಯಂತ್ರ ತಲಪಿತೇ ಎಂದು ದಿನವೂ ನೋಡು.

ಓದುಗ ಬಂಧುಗಳಿಗೂ ಒಂದು ಕೆಲಸವಿದೆ. ಅದೇ ಕಾನೂನಿನ ಪ್ರಕಾರ ಸರ್ಕಾರಿ ಶಾಲೆಯ ಸಮಿತಿಯಲ್ಲಿ ನಾಲ್ಕರಲ್ಲಿ ಮೂರು ಪಾಲು ಸದಸ್ಯರು ತಾಯಿತಂದೆಯರೇ ಇರಬೇಕು. ಪಾಳಿ ಮುಗಿಸಿ ದಣಿದಿದ್ದರೂ, ಅಂಗಡಿಯನ್ನು ಒಂದು ಗಂಟೆ ಮುಚ್ಚಬೇಕಾದರೂ, ಮುಂದಿನ ಸಭೆಗೆ ಹೋಗಿ. ಉಪಾಧ್ಯಾಯರ ಖಾಲಿ ಜಾಗ ಎಷ್ಟು, ದುರಸ್ತಿಗೆ ಹಣವೆಷ್ಟು, ಕಂಪ್ಯೂಟರಿನ ಕೊಠಡಿಯ ಬೀಗದ ಕೈ ಯಾರ ಬಳಿ ಎಂದು ಕೇಳಿ. ಉತ್ತರವನ್ನು ಬರೆಸಿಕೊಂಡು ಬನ್ನಿ. ಮುಂದಿನದಕ್ಕೆ ನಾವೂ ನಿಮ್ಮೊಡನೆ ಬರುತ್ತೇವೆ.