ಬೆಳಕಿನ ಆಲಾಪ

ಗುರುವಿಲ್ಲದೆ ಕ್ಯಾಮೆರಾ ಹಿಡಿದು ಹುಬ್ಬಳ್ಳಿಯ ಉಣಕಲ್ ಕೆರೆಯ ಸಂಜೆಯನ್ನು ಸೆರೆಹಿಡಿಯಹೊರಟವನಿಗೆ ಒಂದು ಸಂದೇಹ: ತೆಗೆದ ಚಿತ್ರವನ್ನು ತಿದ್ದುವುದು ಮೋಸವೇ?

ಉತ್ತರ ಅಮೆರಿಕದ ಆನ್ಸೆಲ್ ಆಡಮ್ಸ್‌ನ (1902–1984) ಬಾಳಿನಲ್ಲಿದೆ. ಅವನು ಪಿಯಾನೊ ಅಭ್ಯಸಿಸಿದವನು. ಛಾಯಾಗ್ರಹಣವನ್ನು ಬಹುಮಟ್ಟಿಗೆ ತಾನಾಗಿಯೇ ರೂಢಿಸಿಕೊಂಡವನು. 1941ರ ನವೆಂಬರ್ 1ರ ಸಂಜೆ ನ್ಯೂ ಮೆಕ್ಸಿಕೋದ ಹರ್ನಾಂಡೆಜ್ ಎಂಬ ಹಳ್ಳಿಯ ಮೇಲೆ ಚಂದ್ರನೇರಿದ್ದ; ಕೆಳಗೆ ಗೋರಿಗಳ ಶಿಲುಬೆಗಳ ಮೇಲೆ ಕಡೆಯ ಬಿಸಿಲು. ಬೆಳಕಳೆಯುವ ಮಾಪಕ ಕೈಗೆ ಸಿಗಲಿಲ್ಲ. ಚಂದ್ರನ ಪ್ರಖರತೆಯ ಪ್ರಮಾಣ ನೆನಪಿನಲ್ಲಿತ್ತು. ಅದರಿಂದಲೇ ಲೆಕ್ಕ ಹಾಕಿ ಒಂದು ಚಿತ್ರ ತೆಗೆದ. ಎರಡನೆಯದಕ್ಕೆ ಅಣಿಯಾಗುವಷ್ಟರಲ್ಲಿ ಬಿಸಿಲು ಮಾಯವಾಗಿತ್ತು. ಆ ಒಂದೇ ನೆಗೆಟಿವನ್ನು ಕತ್ತಲೆಕೋಣೆಯಲ್ಲಿ ದಶಕಗಳ ಕಾಲ ಮತ್ತೆ ಮತ್ತೆ ಮುದ್ರಿಸಿದ; ಬರಬರುತ್ತ ಆಕಾಶ ಕಪ್ಪಾಯಿತು. ನೆಗೆಟಿವ್ ಸ್ವರಲಿಪಿ, ಮುದ್ರಣವೇ ಕಛೇರಿ ಎಂಬುದು ಅವನ ಮತ.

ಮಲ್ಲಿಕಾರ್ಜುನ ಮನಸೂರರ ಗಾಯನವನ್ನು ಕೇಳಿದ ಧಾರವಾಡಕ್ಕೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಚೀಜು ಒಂದೇ ಆದರೂ ಪ್ರತಿ ಬೈಠಕ್ಕಿನಲ್ಲಿ ವಿಸ್ತಾರ ಬೇರೆ. ವರ್ಜ್ಯ ಸ್ವರಕ್ಕೆ ಮಾತ್ರ ಎಡೆಯಿಲ್ಲ. ಇಂದು ಗಣಕಯಂತ್ರದಲ್ಲಿ ಚಿತ್ರ ತಿದ್ದುವವನಿಗೂ ಅದೇ ನೇಮ. ಕಂಡ ನೆರಳನ್ನು ಗಾಢಗೊಳಿಸಬಹುದು, ಕಂಡ ಬೆಳಕನ್ನು ಎತ್ತಿ ತೋರಿಸಬಹುದು. ಕಾಣದ ಕೆಂಪನ್ನು ಬಾನಿಗೆ ಬಳಿದರೆ ಅದು ಉಣಕಲ್ಲಿನ ಸಂಜೆಯಾಗದು.