ಸ್ವಗೃಹದ ಹಟ

ಬಾಡಿಗೆ ತೆರುವುದೆಂದರೆ ಹೊಳೆಯಲ್ಲಿ ಹುಣಸೆಹಣ್ಣು ತೊಳೆದಂತೆ ಎಂಬ ಮಾತು ಕೊಟ್ಟಿಗೆಹಾರದ ಸುತ್ತಿನ ವಿದ್ಯಾವಂತರ ಮನೆಗಳಲ್ಲಿ ವೇದವಾಕ್ಯದಂತೆ ನಡೆಯುತ್ತಿರುವುದು. ಶಾಲೆಯ ಉಪಾಧ್ಯಾಯನಾಗಲಿ ಬ್ಯಾಂಕಿನ ಗುಮಾಸ್ತನಾಗಲಿ ಸಂಬಳ ಕಂಡ ಎರಡನೆಯ ವರ್ಷಕ್ಕೇ ಬಂಧುಗಳ ಈ ಉಪದೇಶಕ್ಕೆ ಗುರಿಯಾಗುತ್ತಾನೆ. ಸ್ವಂತ ಸೂರಿಲ್ಲದವನಿಗೆ ಹೆಣ್ಣು ಕೊಡಲು ಹಿಂದೆಗೆಯುವವರೂ ಉಂಟು. ಉಪದೇಶದ ಸತ್ಯಾಸತ್ಯವನ್ನು ವಿಚಾರಿಸದೆ ಸಾಲಪತ್ರಕ್ಕೆ ರುಜು ಹಾಕುವುದು ವಿವೇಕವಲ್ಲ.

ಮೊದಲು ಲೆಕ್ಕವನ್ನೇ ನೋಡತಕ್ಕದ್ದು. 25 ಲಕ್ಷ ರೂಪಾಯಿಗಳನ್ನು ನೂರಕ್ಕೆ ಎಂಟೂವರೆ ಬಡ್ಡಿಯಂತೆ 20 ವರ್ಷದ ವಾಯಿದೆಗೆ ತಂದರೆ ತಿಂಗಳ ಕಂತು ಸುಮಾರು 21,700 ರೂಪಾಯಿ ಆಗುವುದು. ಮೊದಲ ಕಂತಿನಲ್ಲಿ 17,700 ಬಡ್ಡಿಗೇ ಹೋಗಿ, ಅಸಲಿಗೆ ಸಲ್ಲುವುದು 4,000 ಮಾತ್ರ. ವಾಯಿದೆ ತೀರುವಷ್ಟರಲ್ಲಿ ತೆತ್ತ ಹಣ 52 ಲಕ್ಷ. ಹಿಂದಿರುಗಿ ಬಾರದ ಬಾಡಿಗೆ ವ್ಯರ್ಥವೆಂದಾದರೆ, ಹಿಂದಿರುಗಿ ಬಾರದ ಈ ಬಡ್ಡಿಗೆ ಏನೆನ್ನಬೇಕು? ಮಳೆಗಾಲ ಕಳೆಯುತ್ತಲೇ ಪಾಚಿಗಟ್ಟಿದ ಗೋಡೆಗೂ ಒಡೆದ ಹೆಂಚಿಗೂ ಆಗುವ ವೆಚ್ಚವಂತೂ ಬೇರೆ.

ನೆಲದ ಬೆಲೆ ಏರುವುದೆಂಬುದು ಪ್ರತಿವಾದಿಗಳ ಮುಖ್ಯ ಅಸ್ತ್ರ. ಏರಬಹುದು, ಆದರೆ ಮಲೆನಾಡಿನಲ್ಲಿ ನೆಲವೇ ಇಳಿಯುವುದೂ ಉಂಟು. 2019ರ ಆಗಸ್ಟಿನಲ್ಲಿ ಮೂಡಿಗೆರೆ ತಾಲ್ಲೂಕಿನ ಮಲೆಮನೆ, ಮಧುಗುಂಡಿಗಳಲ್ಲಿ ಗುಡ್ಡ ಕುಸಿದು ಮನೆಗಳೂ ತೋಟಗದ್ದೆಗಳೂ ಮಣ್ಣುಪಾಲಾದುದನ್ನು, ಚಾರ್ಮಾಡಿ ಘಾಟಿಯ ರಸ್ತೆ ಮುಚ್ಚಿಹೋದುದನ್ನು ಇಲ್ಲಿಯವರು ಮರೆತಿರಲಾರರು. ಅಲ್ಲಿ ಮನೆ ಕಳೆದುಕೊಂಡವರು ಸ್ವಂತ ನೆಲವನ್ನು ನಂಬಿ ಬದುಕಿದ್ದವರು. ಆ ವರ್ಷ ರಾಜ್ಯ ಸರ್ಕಾರವು ನೆರೆಸಂತ್ರಸ್ತರಿಗೆ ಸಾರಿದ ಪರಿಹಾರದಲ್ಲಿ, ಪೂರ್ಣ ನಾಶವಾದ ಮನೆಗೆ 5 ಲಕ್ಷದ ಜೊತೆಗೆ ತಿಂಗಳಿಗೆ 5,000 ರೂಪಾಯಿ ಬಾಡಿಗೆಯೂ ಸೇರಿತ್ತು. ಎಲ್ಲರೂ ಜರೆದ ಬಾಡಿಗೆಯ ಮನೆಯೇ ಒಡೆಯನಿಗೆ ಆಸರೆಯಾಗಬೇಕಾಯಿತು!

ಇಷ್ಟಾದರೂ ಗುಡ್ಡದ ಬುಡವನ್ನು ಯಂತ್ರದಿಂದ ಕಡಿದು, ಸಮಮಾಡಿ, ನಿವೇಶನವೆಂದು ಮಾರುವ ವ್ಯಾಪಾರ ನಿಂತಿಲ್ಲ. ಬುಡದ ಆಧಾರ ತಪ್ಪಿದ ಇಳಿಜಾರು, ನೀರುಂಡು ಭಾರವಾದಾಗ ಜಾರದೆ ಮತ್ತೇನು ಮಾಡೀತು? ಇಂಥ ನಿವೇಶನಗಳನ್ನು ದಲ್ಲಾಳಿಗಳು ತೋರಿಸುವುದು ಫಾಲ್ಗುಣ ಚೈತ್ರಗಳಲ್ಲಿ. ಕೊಳ್ಳುವವನು ನೋಡತಕ್ಕದ್ದು ಆಷಾಢದಲ್ಲಿ. ಒಂದು ಮಳೆಗಾಲ ಬಾಡಿಗೆಗಿದ್ದವನಿಗೆ ಯಾವ ಬದಿಯಿಂದ ಒರತೆ ಏಳುವುದು, ಯಾವ ದಾರಿಯಲ್ಲಿ ನೀರು ನುಗ್ಗುವುದು ಎಂಬುದೆಲ್ಲ ಕಣ್ಣಾರೆ ತಿಳಿಯುವುದು. ಭೂಪರಿವರ್ತನೆಯ ಆದೇಶ, ಇ-ಸ್ವತ್ತು, ಋಣಭಾರ ಪತ್ರ ಇವುಗಳನ್ನು ಕೇಳಿದರೆ "ಆಮೇಲೆ ಸರಿಹೋಗುತ್ತದೆ ಸ್ವಾಮೀ" ಎನ್ನುವವನಿಂದ ಮನೆ ಕೊಳ್ಳುವುದಕ್ಕಿಂತ ಇನ್ನೈದು ವರ್ಷ ಬಾಡಿಗೆ ತೆರುವುದು ಲೇಸು.

ತೋಟದ ಲೈನು ಮನೆಯ ಕೂಲಿಕಾರನ ಮಾತು ಬೇರೆ. ಕೆಲಸ ಹೋದ ದಿನವೇ ಸೂರೂ ಹೋಗುವವನಿಗೆ ಭದ್ರವಾದ ಜಾಗದಲ್ಲಿ ಎರಡು ಅಂಕಣದ ಸ್ವಂತ ಮನೆ ಬೇಕೇ ಬೇಕು. ಅದನ್ನು ಇಲ್ಲಿ ಯಾರೂ ಅಲ್ಲಗಳೆಯುತ್ತಿಲ್ಲ.

ಸಂಬಳದಾರ ಬಾಡಿಗೆದಾರನ ಅಂಜಿಕೆಯೂ ಸುಳ್ಳಲ್ಲ. 1908ರ ನೋಂದಣಿ ಕಾನೂನಿನಂತೆ ಒಂದು ವರ್ಷಕ್ಕೆ ಮೀರಿದ ಬಾಡಿಗೆಯ ಪತ್ರವನ್ನು ನೋಂದಾಯಿಸಬೇಕು. ಅದನ್ನು ತಪ್ಪಿಸಲು 11 ತಿಂಗಳಿಗಷ್ಟೇ ಕರಾರು ಬರೆಸಿ, ಪ್ರತಿ ವರ್ಷವೂ ತೆರವಿನ ಭಯವನ್ನೊಡ್ಡುವ ಒಡೆಯರೇ ಜನರನ್ನು ಸಾಲದ ಕಡೆಗೆ ಅಟ್ಟುತ್ತಿರುವರು. ವಾರದ ಕೊನೆಗೆ ಬರುವ ಪ್ರವಾಸಿಗರಿಗಾಗಿ ಬೀಗ ಹಾಕಿಟ್ಟ ಮನೆಯನ್ನು ಉಪಾಧ್ಯಾಯನ ಸಂಸಾರಕ್ಕೆ ಐದು ವರ್ಷಕ್ಕೆ ನೋಂದಾಯಿಸಿಕೊಡಲು ಆ ಕಾನೂನೇನೂ ಅಡ್ಡಬಂದಿಲ್ಲ.