ಕೆಂಗೂದಲ ಹೆಂಗಸು ಎದುರಾದರೆ

ಐರ್ಲೆಂಡಿನ ಶಕುನಗಳೆಂದರೆ ಸಾಹಿತ್ಯಪ್ರಿಯರಿಗೆ ಬಲು ಅಕ್ಕರೆ. ನಾಲ್ಕೆಲೆಯ ಕ್ಲೋವರ್ ಸಿಕ್ಕರೆ ಅದೃಷ್ಟ. ಒಂಟಿ ಮ್ಯಾಗ್‌ಪೈ ಹಕ್ಕಿ ಕಂಡರೆ ದುಃಖ. ಹೊಲದ ನಡುವೆ ಒಂಟಿಯಾಗಿ ನಿಂತ ಹಾಥಾರ್ನ್ ಮುಳ್ಳುಮರ ಫೇರಿಗಳದ್ದು, ಕಡಿದರೆ ಕೇಡು. ಓದಲು ಚೆಂದ. ನನ್ನ ತಕರಾರು ಇರುವುದೇ ಈ ಚೆಂದದ ಬಗ್ಗೆ.

ಅದೇ ಪಟ್ಟಿಯಲ್ಲಿ ಇನ್ನೊಂದು ಶಕುನವಿದೆ. ಕಡಲಿಗೆ ಹೊರಟ ಮೀನುಗಾರನಿಗೆ ಕೆಂಗೂದಲ ಹೆಂಗಸು ಎದುರಾದರೆ ಅವನು ಮನೆಗೆ ಮರಳಬೇಕು. ಇದನ್ನು ನಾವು ಮೀನುಗಾರನ ಕಡೆಯಿಂದಲೇ ಓದುತ್ತೇವೆ. ಒಮ್ಮೆ ಅವಳ ಕಡೆಯಿಂದ ಓದಿ ನೋಡಿ. ಅಂದು ಬಲೆ ಬರಿದಾದರೆ ತಪ್ಪು ಗಾಳಿಯದಲ್ಲ, ಕಡಲಿನದಲ್ಲ. ದಾರಿಯಲ್ಲಿ ತನ್ನ ಪಾಡಿಗೆ ನಡೆದು ಹೋದವಳದು.

ಇದು ಎಲ್ಲಿಗೆ ಮುಟ್ಟಬಲ್ಲದು ಎಂಬುದಕ್ಕೆ 1895ರ ಮಾರ್ಚ್ ಸಾಕ್ಷಿ. ಟಿಪ್ಪರರಿ ಸೀಮೆಯ ಬಾಲಿವಾಡ್ಲಿಯಲ್ಲಿ ಬ್ರಿಜೆಟ್ ಕ್ಲಿಯರಿ ಎಂಬಾಕೆ ಕಾಯಿಲೆ ಬಿದ್ದಳು. ಬಟ್ಟೆ ಹೊಲಿದು, ಕೋಳಿ ಸಾಕಿ, ಸ್ವಂತ ದುಡಿಮೆ ಕಂಡಿದ್ದ ಹೆಂಗಸು. ಇವಳು ನನ್ನ ಹೆಂಡತಿಯಲ್ಲ, ಫೇರಿಗಳು ಬಿಟ್ಟುಹೋದ ಬದಲಿ ಎಂದು ಗಂಡ ಮೈಕೆಲ್ ಹಟ ಹಿಡಿದ. ಬಲವಂತವಾಗಿ ಮೂಲಿಕೆ ಕುಡಿಸಿದರು, ಒಲೆಯ ಉರಿಗೆ ಒಡ್ಡಿದರು. ಮನೆಯಲ್ಲಿ ಅವಳ ತಂದೆಯಿದ್ದ, ನೆಂಟರಿದ್ದರು. ಕೊನೆಗೆ ಗಂಡ ಅವಳನ್ನು ಸುಟ್ಟ. ಆಮೇಲೆ, ನಿಜವಾದ ಬ್ರಿಜೆಟ್ ಬಿಳಿ ಕುದುರೆಯೇರಿ ಬರುತ್ತಾಳೆಂದು ಫೇರಿಗಳ ದಿಬ್ಬದ ಬಳಿ ಕಾದ. ಅವನು ಜೈಲಿನಲ್ಲಿ ಕಳೆದದ್ದು 15 ವರ್ಷ.

ಇಂಗ್ಲೆಂಡಿನ ಕೆಲವರು ಈ ಸಾವನ್ನು ಹಿಡಿದು, ಇಂಥ ಮೂಢರಿಗೆ ಸ್ವಯಮಾಡಳಿತವೇ ಎಂದು ಆಡಿಕೊಂಡರು. ಅವರದೂ ಮೀನುಗಾರನ ಲೆಕ್ಕವೇ: ಕೈಗೆ ಸಿಕ್ಕವರ ಮೇಲೆ ತಪ್ಪು ಹೊರಿಸುವುದು. ನಾನು ಅವರ ಸಾಲಿನಲ್ಲಿ ನಿಲ್ಲಲಾರೆ.

ಅದೇ ನಂಬಿಕೆ ಮರವನ್ನೂ ಉಳಿಸಿತಲ್ಲ ಎಂದು ನೀವು ಕೇಳಬಹುದು. ಹೌದು, ಉಳಿಸಿತು. 1999ರಲ್ಲಿ ಕ್ಲೇರ್ ಸೀಮೆಯ ಲಟೂನ್‌ನಲ್ಲಿ ಹೆದ್ದಾರಿಗಾಗಿ ಹಾಥಾರ್ನ್ ಒಂದು ಉರುಳಲಿತ್ತು. ಕಥೆಗಾರ ಎಡ್ಡಿ ಲೆನಿಹನ್ ದನಿಯೆತ್ತಿದರು. ಮರ ಉಳಿಯಿತು, ರಸ್ತೆ ಪಕ್ಕಕ್ಕೆ ಸರಿಯಿತು. ಆ ನಂಬಿಕೆಗೆ ನನ್ನ ನಮಸ್ಕಾರ. ಅಲ್ಲಿ ಬೆಲೆ ತೆತ್ತದ್ದು ಒಂದು ರಸ್ತೆಯ ನಕ್ಷೆ. ಬಾಲಿವಾಡ್ಲಿಯಲ್ಲಿ ಬೆಲೆ ತೆತ್ತದ್ದು ಒಬ್ಬ ಹೆಂಗಸಿನ ಜೀವ. ಎರಡಕ್ಕೂ 'ಜಾನಪದದ ಸೊಬಗು' ಎಂಬ ಒಂದೇ ಹೆಸರಿಟ್ಟರೆ, ಈ ವ್ಯತ್ಯಾಸವನ್ನೇ ಮುಚ್ಚಿಟ್ಟ ಹಾಗಾಗುತ್ತದೆ.

1937ರಿಂದ 1939ರವರೆಗೆ ಐರ್ಲೆಂಡಿನ ಶಾಲಾಮಕ್ಕಳು ಊರ ಹಿರಿಯರನ್ನು ಕೇಳಿ ಇಂಥ ನಂಬಿಕೆಗಳನ್ನು ಬರೆದಿಟ್ಟರು. ಆ ಸಂಗ್ರಹ ಇಂದು ಅಂತರ್ಜಾಲದಲ್ಲಿದೆ. ಖಂಡಿತ ಓದಿ. ಆದರೆ ಪ್ರತಿಯೊಂದು ಶಕುನದ ಮುಂದೆಯೂ ಒಂದು ಪ್ರಶ್ನೆ ಬರೆದುಕೊಳ್ಳಿ: ಕೇಡಾದರೆ ಇದು ಯಾರನ್ನು ದೂರುತ್ತದೆ?